ಕೆಳಸಾಲಿನ ನಡುಕಂಬ

ಎಡ್ನಾಲಿನ್‌ಗೆ ಸಿಟ್ಟು ಬಂದರೆ ಜಪಾನಿ ಭಾಷೆ ಮರೆತುಹೋಗುತ್ತದೆ ಎಂದು ಹಮಾಸೆ ಊರಿನವರು ನಂಬಿದ್ದರು. ಸುಳ್ಳು. ಸಿಟ್ಟು ಬಂದಾಗಲೇ ಅವಳ ಜಪಾನಿ ಅಚ್ಚುಕಟ್ಟಾಗುತ್ತಿತ್ತು. ಒಂದು ಪ್ರತ್ಯಯ ತಪ್ಪುತ್ತಿರಲಿಲ್ಲ, ಗೌರವದ ಮಾತು ಒಂದೂ ಜಾರುತ್ತಿರಲಿಲ್ಲ. ಆದರೆ ಬಂದಾಗಿನಿಂದ ಆ ಜಪಾನಿಯನ್ನು ಅವಳು ಹೊರಗೆ ತೆಗೆದಿರಲೇ ಇಲ್ಲ. ಬಾಯಿಗೆ ಬಂದದ್ದನ್ನು ನುಂಗಿ, ತಲೆ ಬಾಗಿಸಿ, ನಕ್ಕು ಸುಮ್ಮನಾಗುತ್ತಿದ್ದಳು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ನುಂಗಿದ ಮೇಲೆ ಯಾರ ಹೊಟ್ಟೆಯಾದರೂ ಕೆಡುತ್ತದೆ.

ಅವಳು ಫಿಲಿಪ್ಪೀನ್ಸ್‌ನ ಇಲೊಯಿಲೊ ಕಡೆಯವಳು, ಮದುವೆಯಾಗಿ ಜಪಾನಿನ ಕಡಲತೀರದ ಹಮಾಸೆಗೆ ಬಂದವಳು. ಗಂಡ ಹಿರೊಆಕಿ ಚಳಿಗಾಲದಲ್ಲಿ ರಸ್ತೆಯ ಹಿಮ ಗೋರುವ ಗಾಡಿ ಓಡಿಸುತ್ತಿದ್ದ, ಉಳಿದ ಕಾಲದಲ್ಲಿ ಬಂದರಿನಲ್ಲಿ ಕ್ರೇನು. ಒಬ್ಬಳೇ ಮಗಳು ಮಾಯುಮಿ, ಊರಿನ ಪ್ರಾಥಮಿಕ ಶಾಲೆಯಲ್ಲಿ ಆರನೇ ತರಗತಿ. ಅದೇ ಶಾಲೆಯಲ್ಲಿ ಎಡ್ನಾಲಿನ್ ಇಂಗ್ಲಿಷಿಗೆ ಸಹಾಯಕ ಶಿಕ್ಷಕಿ. ಕರಾರು ಒಂದೊಂದೇ ವರ್ಷದ್ದು. ಪ್ರತಿ ಮಾರ್ಚಿನಲ್ಲೂ ಮುಂದುವರಿಸುತ್ತಾರೋ ಇಲ್ಲವೋ ಎಂದು ಕಾಯಬೇಕು. ಎಡ್ನಾಲಿನ್ ಎಂಬ ಹೆಸರು ಮಕ್ಕಳ ನಾಲಿಗೆಗೆ ಒಗ್ಗದೆ ಎಡೊ ಆಗಿತ್ತು. ಎಡೊ ಎಂದರೆ ಟೋಕಿಯೋ ನಗರದ ಹಳೆಯ ಹೆಸರು, ಹಿಂದೆ ದೇಶ ಆಳುತ್ತಿದ್ದ ಮಹಾಪ್ರಭುಗಳ ಊರು; ಸೆನ್ಸೇ ಎಂದರೆ ಟೀಚರ್. "ಎಡೊ ಸೆನ್ಸೇ, ಮಹಾಪ್ರಭುಗಳು ಹೇಗಿದಾರೆ?" ಎಂದು ಮೂರನೇ ತರಗತಿಯವರು ದಿನವೂ ಕೇಳುತ್ತಿದ್ದರು. "ನಿನ್ನ ಹೋಮ್‌ವರ್ಕ್ ಕೇಳ್ತಿದ್ರು ಕಣೋ" ಎಂದು ಅವಳೂ ದಿನವೂ ಹೇಳುತ್ತಿದ್ದಳು. ಮಕ್ಕಳ ಜೊತೆ ಅವಳಿಗೆ ಯಾವ ಜಗಳವೂ ಇರಲಿಲ್ಲ.

ಜಗಳ ಇದ್ದದ್ದು ಸಹಾಯಕ ಎಂಬ ಮಾತಿನ ಜೊತೆ. ಪಾಠ ಮಾಡುವವರು ತರಗತಿಯ ಮೇಷ್ಟ್ರು. ಅವರು ಕೈ ತೋರಿಸಿದಾಗ ಇವಳು "ಆ್ಯಪಲ್" ಎನ್ನಬೇಕು, ಮಕ್ಕಳು "ಆ್ಯಪಲ್" ಎನ್ನುತ್ತಾರೆ, ಮತ್ತೆ ಕೈ ತೋರಿಸುವ ತನಕ ಇವಳು ಕರಿಹಲಗೆಯ ಪಕ್ಕ ನಗುತ್ತಾ ನಿಂತಿರಬೇಕು. ಟೇಪ್ ರೆಕಾರ್ಡರನ್ನು ಒಂದು ತರಗತಿಯಿಂದ ಇನ್ನೊಂದಕ್ಕೆ ಯಾರಾದರೂ ಹೊತ್ತುಕೊಂಡು ಹೋಗಬೇಕು, ಇವಳು ತಾನೇ ನಡೆದುಹೋಗುತ್ತಿದ್ದಳು. ಶಿಕ್ಷಕರ ಕೋಣೆಯಲ್ಲಿ ಅವಳ ಮೇಜು ಜೆರಾಕ್ಸ್ ಯಂತ್ರಕ್ಕೆ ಅಂಟಿಕೊಂಡಿತ್ತು. ಪ್ರತಿ ತೆಗೆಯಲು ಬಂದವರು ಕಾಗದ ಹೊರಬರುವ ತನಕ ಏನಾದರೂ ಮಾತಾಡಬೇಕಲ್ಲ. "ಎಡೊ ಸೆನ್ಸೇ, ಜಪಾನಿ ಎಷ್ಟು ಚೆನ್ನಾಗಿ ಮಾತಾಡ್ತೀರಿ" ಎನ್ನುತ್ತಿದ್ದರು. ಅವಳು ಹೇಳಿದ್ದು ಬರೀ "ನಮಸ್ಕಾರ". ಮಧ್ಯಾಹ್ನದ ಊಟಕ್ಕೆ ಕೂತರೆ ಕಡ್ಡಿ ಹಿಡಿಯುವ ಕೈಯನ್ನು ಹೊಗಳುತ್ತಿದ್ದರು. ಇವರ ಮನೆಯ ಹೆರಿಗೆ, ಸಾವು, ಹಿಮ ಗೋರುವುದು ಎಲ್ಲಕ್ಕೂ ಹೆಗಲು ಕೊಟ್ಟವಳಿಗೆ ಕಡ್ಡಿಯಲ್ಲಿ ಅನ್ನ ಎತ್ತಲು ಬರುತ್ತದೆ ಎಂದು ಶಹಬಾಸ್‌ಗಿರಿ.

ಇವೆಲ್ಲ ಸೊಳ್ಳೆ ಕಚ್ಚಿದ ಹಾಗೆ. ಕೆರೆದುಕೊಂಡರೆ ಮರೆಯುತ್ತದೆ. ಆ ವರ್ಷದ ಕ್ರೀಡಾಕೂಟ ಹಾಗಲ್ಲ.

ಆ ಶಾಲೆಯ ಕ್ರೀಡಾಕೂಟ ಮುಗಿಯುವುದು ಆರನೇ ತರಗತಿಯ ಮಕ್ಕಳ ಗೋಪುರದಿಂದ. ಏಳು ಮಕ್ಕಳು ಮಣ್ಣಿನ ಮೈದಾನದಲ್ಲಿ ಮಂಡಿ, ಅಂಗೈ ಊರಿ ಸಾಲಾಗಿ ಬಗ್ಗುತ್ತಾರೆ. ಅವರ ಬೆನ್ನ ಮೇಲೆ ಆರು, ಅವರ ಮೇಲೆ ಐದು, ಹೀಗೇ ಏರುತ್ತಾ ಏರುತ್ತಾ ತುದಿಯಲ್ಲಿ ಒಬ್ಬ ಪುಟಾಣಿ ಎದ್ದು ನಿಂತು ಕೈ ಚಾಚುತ್ತಾನೆ. ಡೊಳ್ಳು ಬಡಿದ ಹಾಗೆಲ್ಲ ಒಂದೊಂದು ಸಾಲು ಏರಬೇಕು. ಶಾಮಿಯಾನದ ಕೆಳಗೆ ಕೂತ ಊರಿನ ಹಿರಿಯರು ಆಗ ಕರವಸ್ತ್ರ ತೆಗೆದು ಕಣ್ಣೊರೆಸಿಕೊಳ್ಳುತ್ತಾರೆ. ಮಕ್ಕಳು ಒಗ್ಗಟ್ಟು ಕಲಿಯುತ್ತಾರಂತೆ. ತುದಿಯಲ್ಲಿ ನಿಂತವನು ಏನು ಕಲಿಯುತ್ತಾನೋ ಗೊತ್ತಿಲ್ಲ. ಕೆಳಗೆ ನಟ್ಟನಡುವೆ ಬಗ್ಗಿದ ಮಗು ಮಾತ್ರ ಇಡೀ ತರಗತಿಯ ಭಾರ ಏನೆಂದು ಬೆನ್ನಿನಿಂದಲೇ ಕಲಿಯುತ್ತದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಆ ಜಾಗಕ್ಕೆ ಶಾಲೆಯಲ್ಲಿ ಹೆಸರೇ ಇತ್ತು, ನಡುಕಂಬ. ಕಂಬವಾದವರ ಫೋಟೋ ಶಾಲೆಯ ಮೊಗಸಾಲೆಯಲ್ಲಿ ತೂಗುಹಾಕುತ್ತಿದ್ದರು.

ಬೇಸಿಗೆ ರಜೆ ಮುಗಿದ ಮೊದಲ ವಾರ ಆರನೇ ತರಗತಿಯ ಮೇಷ್ಟ್ರು ಇಗರಾಶಿ ಜೆರಾಕ್ಸ್ ಯಂತ್ರದ ಮುಂದೆ ನಿಂತು ಖುಷಿಯಿಂದ ಹೇಳಿದ.

"ಎಡೊ ಸೆನ್ಸೇ, ಈ ಸಲ ನಡುಕಂಬ ನಿಮ್ಮ ಮಾಯುಮಿ."

"ಯಾಕೆ ಅವಳು?"

"ಗಟ್ಟಿ ಮೈ ಅಲ್ವಾ. ನಿಮ್ಮ ಕಡೆ ರಕ್ತ. ನಮ್ಮ ಮಕ್ಕಳ ಹಾಗಲ್ಲ, ಎಷ್ಟು ಹೊತ್ತಾದ್ರೂ ತಡ್ಕೋತಾಳೆ."

ಹೊಗಳಿಕೆ ಎಂದೇ ಹೇಳಿದ್ದು. ಅವನ ಮುಖದಲ್ಲಿ ಕೆಟ್ಟದ್ದು ಒಂದು ಚೂರೂ ಇರಲಿಲ್ಲ. ಅದಕ್ಕೇ ಎಡ್ನಾಲಿನ್‌ಗೆ ಉರಿದದ್ದು. ಬಯ್ದಿದ್ದರೆ ತಿರುಗಿ ಬಯ್ಯಬಹುದಿತ್ತು. ನಮ್ಮ ಮಕ್ಕಳು ಎಂದನಲ್ಲ, ಹಾಗಾದರೆ ಹಮಾಸೆಯ ಆಸ್ಪತ್ರೆಯಲ್ಲಿ ಹುಟ್ಟಿ, ಹಮಾಸೆಯ ನೀರು ಕುಡಿದು, ಕನಸಿನಲ್ಲೂ ಜಪಾನಿಯಲ್ಲೇ ಗೊಣಗುವ ಹುಡುಗಿ ಯಾರ ಮಗು? ಅವಳು ಕೇಳಲಿಲ್ಲ. ಅಭ್ಯಾಸಬಲದಿಂದ ತಲೆ ಬಾಗಿಸಿ "ದಯವಿಟ್ಟು ನೋಡಿಕೊಳ್ಳಿ" ಎಂದುಬಿಟ್ಟಳು. ಆಮೇಲೆ ಇಡೀ ದಿನ ತನ್ನ ಕತ್ತಿಗೇ ಶಾಪ ಹಾಕಿದಳು.

ಹತ್ತು ಹನ್ನೆರಡು ದಿನ ಅಭ್ಯಾಸ ನಡೆಯಿತು. ಮಾಯುಮಿ ಮನೆಯಲ್ಲಿ ಉದ್ದ ತೋಳಿನ ಅಂಗಿ ಬಿಚ್ಚಲೇ ಇಲ್ಲ. ಒಂದು ಸಂಜೆ ಸ್ನಾನಕ್ಕಿಳಿದವಳು ಟವಲ್ ಮರೆತು ಕೂಗಿದಳು. ಎಡ್ನಾಲಿನ್ ಬಾಗಿಲು ಸರಿಸಿದರೆ ಮಗಳ ಬೆನ್ನು ಕಂಡಿತು. ಎರಡೂ ಬದಿಯಲ್ಲಿ ನೇರಳೆ ಹಣ್ಣು ಅರೆದಂತೆ ಮಂಡಿಯ ಗುರುತುಗಳು, ಹಳೆಯದರ ಮೇಲೆ ಹೊಸದು. ಅಂಗೈಯಲ್ಲಿ ಮೈದಾನದ ಮರಳು ಕಚ್ಚಿ ಕೀವಾಗಿತ್ತು.

"ಇದೇನೇ ಇದು?"

"ಏನಿಲ್ಲ. ಬಾಗಿಲು ಹಾಕಮ್ಮ."

"ಮೇಷ್ಟ್ರಿಗೆ ಹೇಳಿದ್ಯಾ?"

"ಎಲ್ಲಾರಿಗೂ ನೋವಾಗುತ್ತೆ. ಯಾರೂ ಹೇಳಲ್ಲ. ನಾನೊಬ್ಬಳೇ ಹೇಳಿದ್ರೆ ಏನಂತಾರೆ? ನೋಡು, ಅವಳಮ್ಮ ಆ ದೇಶದವಳು, ಅದಕ್ಕೇ ಹೀಗೆ ಅಂತಾರೆ." ಮಾಯುಮಿ ಟವಲ್ ಕಿತ್ತುಕೊಂಡಳು. "ನೀನು ಶಾಲೇಲಿ ಏನಾದ್ರೂ ಮಾತಾಡಿದ್ರೆ ನಾನು ನಿನ್ನ ಹತ್ರ ಮಾತಾಡಲ್ಲ. ನಿಜವಾಗ್ಲೂ ಆಡಲ್ಲ."

ಊಟಕ್ಕೆ ಕೂತಾಗ ಗಂಡನಿಗೆ ಹೇಳಿದಳು. ಹಿರೊಆಕಿ ಒಳ್ಳೆಯವನೇ. ಒಳ್ಳೆಯವರು ಜಗಳದ ಸಮಯದಲ್ಲಿ ಯಾರ ಪಾಲಿಗೂ ದಕ್ಕುವುದಿಲ್ಲ. ಮೀನಿನ ಮುಳ್ಳು ಬಿಡಿಸುತ್ತಾ, "ನಾನೂ ಹತ್ತಿದ್ದೆ ಕಣೆ ಆ ಗೋಪುರ" ಎಂದ.

"ಎಷ್ಟನೇ ಸಾಲು?"

"ಮೇಲಿಂದ ಎರಡನೇದು."

"ಹಂಗಾದ್ರೆ ಬಾಯಿ ಮುಚ್ಚಿಕೊಂಡು ಉಣ್ಣು."

ಅವನು ಬಾಯಿ ಮುಚ್ಚಿಕೊಂಡು ಉಂಡ. ಎದ್ದು ಕೈ ತೊಳೆಯುವಾಗ ಮಾತ್ರ, "ಮಾರ್ಚಿಗೆ ಕರಾರು ಇದೆ, ನೆನಪಿಟ್ಕೋ" ಎಂದ. ನೆನಪಿತ್ತು.

ಮರುದಿನ ಅವಳು ಉಪಮುಖ್ಯೋಪಾಧ್ಯಾಯ ಸೆಕಿಗುಚಿಯ ಮೇಜಿನ ಮುಂದೆ ನಿಂತಳು. ಮಕ್ಕಳ ಬೆನ್ನಿನ ವಿಷಯ ಹೇಳಿದಳು, ಗೋಪುರವನ್ನು ಮೂರು ಸಾಲಿಗೆ ಇಳಿಸಿದರೆ ಸಾಕೆಂದು ಕೇಳಿದಳು. ಸೆಕಿಗುಚಿ ಮೃದುವಾದ ಮನುಷ್ಯ. ಎದುರಿಗಿದ್ದವರು ಮಾತು ಮುಗಿಸುವ ತನಕ ತಲೆದೂಗುತ್ತಲೇ ಇರುತ್ತಾರೆ, ಬೆಣ್ಣೆ ಮಾತು, ಬೆಣ್ಣೆ ಮುಖ.

"ನಿಮ್ಮ ಕಳವಳ ಅರ್ಥ ಆಗುತ್ತೆ, ಎಡೊ ಸೆನ್ಸೇ. ಯೋಚನೆ ಮಾಡಿ ನೋಡೋಣ."

ಯೋಚನೆ ಮಾಡಿ ನೋಡೋಣ. ಈ ಮಾತಿನ ಅರ್ಥ ಹಮಾಸೆಯಲ್ಲಿ ಅಂಬೆಗಾಲಿಡುವ ಕೂಸಿಗೂ ಗೊತ್ತು. ಆಗುವುದಿಲ್ಲ, ಹೋಗಿ ಬನ್ನಿ, ಇನ್ನೊಮ್ಮೆ ಕೇಳಿ ಇಬ್ಬರ ಮರ್ಯಾದೆಯನ್ನೂ ಕಳೆಯಬೇಡಿ ಎಂದು ಅರ್ಥ. ನಮ್ಮ ಕರ್ನಾಟಕದ ಕಡೆ ಮನೆಬಾಗಿಲ ಮೇಲೆ "ನಾಳೆ ಬಾ" ಎಂದು ಬರೆದು ದೆವ್ವವನ್ನು ಸಾಗಹಾಕಿದಂತೆ. ದೆವ್ವ ಓದಿ ವಾಪಸು ಹೋಗುತ್ತದೆ. ಓದು ಬಂದ ದೆವ್ವಕ್ಕೆ ಅಷ್ಟು ಮರ್ಯಾದೆ ಇರುತ್ತದೆ. ಹೊಸದಾಗಿ ಬಂದ ವಿದೇಶಿಯರು ಮಾತ್ರ ಈ ಮಾತನ್ನು ನಿಜವೆಂದು ತಿಳಿದು, ವಾರ ಬಿಟ್ಟು ಹಲ್ಲು ಕಿರಿಯುತ್ತಾ ಬಂದು, ಯೋಚಿಸಿದಿರಾ ಎಂದು ಕೇಳಿ ನಗೆಪಾಟಲಾಗುತ್ತಾರೆ. ಎಡ್ನಾಲಿನ್ ಕೂಡ ಬಂದ ಹೊಸದರಲ್ಲಿ ಹಾಗೆ ನಗೆಪಾಟಲಾಗಿದ್ದಳು. ಆಮೇಲೆ ಕಲಿತಳು. ಎಷ್ಟು ಚೆನ್ನಾಗಿ ಕಲಿತಳೆಂದರೆ ಯಾರೂ ಅವಳಿಗೆ ಎರಡನೇ ಸಲ ಆ ಮಾತು ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ.

ಸೆಕಿಗುಚಿಯ ಮೇಜಿನಿಂದ ತನ್ನ ಮೇಜಿಗೆ ನಡೆದು ಬರುವಷ್ಟರಲ್ಲಿ ಅವಳಿಗೆ ಒಂದು ದುಷ್ಟ ಆಲೋಚನೆ ಬಂತು. ಜಪಾನಿ ಚೆನ್ನಾಗಿದೆ, ಚೆನ್ನಾಗಿದೆ ಎಂದು ಹೊಗಳಿ ಹೊಗಳಿ ಸಾಯಿಸುತ್ತಿದ್ದಾರಲ್ಲ, ಹಾಗಾದರೆ ನನಗೆ ಜಪಾನಿ ಬರುವುದೇ ಇಲ್ಲ ಎಂದುಕೊಂಡಳು. ಇಷ್ಟು ವರ್ಷ ಬೆವರು ಸುರಿಸಿ ಕಲಿತ ಜಾಣತನವನ್ನು ಒಂದೇ ಏಟಿಗೆ ಮರೆತುಬಿಡುವುದು. ನೆನ್ನೆ ವಿಮಾನ ಇಳಿದವಳ ಹಾಗೆ, ಅವರು ಆಡಿದ ಮಾತನ್ನು ಆಡಿದಷ್ಟಕ್ಕೇ ಹಿಡಿಯುವುದು.

ಪ್ರತಿ ಬೆಳಿಗ್ಗೆ ಶಿಕ್ಷಕರ ಸಭೆ ಮುಗಿಯುವಾಗ ಸೆಕಿಗುಚಿ, "ಬೇರೆ ಯಾರಿಗಾದ್ರೂ ಏನಾದ್ರೂ ಹೇಳೋದಿದೆಯಾ?" ಎಂದು ಕೇಳುತ್ತಾರೆ. ಹೇಳುವುದಕ್ಕಲ್ಲ, ಕುರ್ಚಿ ಹಿಂದೆ ಸರಿಸಿ ಏಳುವುದಕ್ಕೆ ಅದು ಸಂಜ್ಞೆ. ಆ ಸೋಮವಾರ ಎಲ್ಲರೂ ಅರ್ಧ ಎದ್ದಾಗ ಜೆರಾಕ್ಸ್ ಯಂತ್ರದ ಪಕ್ಕದಿಂದ ಒಂದು ಕೈ ಎದ್ದಿತು.

"ಗೋಪುರದ ಬಗ್ಗೆ ಯೋಚನೆ ಮಾಡಿ ನೋಡ್ತೀವಿ ಅಂದಿದ್ರಿ. ಯೋಚನೆ ಮಾಡಿದ್ರಾ?"

ಅರ್ಧ ಎದ್ದವರು ಹಾಗೇ ನಿಂತರು. ಸೆಕಿಗುಚಿ ಮುಗುಳ್ನಕ್ಕರು. "ಯೋಚನೆ ನಡೀತಾ ಇದೆ."

"ಧನ್ಯವಾದ. ನಾಳೆ ಕೇಳ್ತೀನಿ."

ಮಂಗಳವಾರ ಕೇಳಿದಳು. "ಎಲ್ಲ ದೃಷ್ಟಿಯಿಂದಲೂ ನೋಡಬೇಕಾಗುತ್ತೆ" ಎಂದರು. ಬುಧವಾರ, ಎಲ್ಲ ದೃಷ್ಟಿಯಿಂದ ನೋಡಿ ಆಯಿತೇ ಎಂದು ಕೇಳಿದಳು. ಇಗರಾಶಿಯ ಕಿವಿ ಕೆಂಪಾಯಿತು. ಐದನೇ ತರಗತಿಯ ಟೀಚರ್ ಪೆನ್ನನ್ನು ಟಿಕ್ ಟಿಕ್ ಎನ್ನಿಸುತ್ತಾ ಕಿಟಕಿಯ ಕಡೆ ತಿರುಗಿದಳು. ಎಡ್ನಾಲಿನ್‌ಗೆ ಪಾಪ ಯಾರೂ ಹೇಳಿಕೊಟ್ಟಿಲ್ಲ ಎಂಬಂತೆ ಒಬ್ಬರು ಜೆರಾಕ್ಸ್ ಯಂತ್ರದ ಬಳಿ ಬಂದು, "ಎಡೊ ಸೆನ್ಸೇ, ನಮ್ಮಲ್ಲಿ ಹಾಗಂದ್ರೆ ಬೇರೆ ಅರ್ಥ" ಎಂದು ಪಿಸುಗುಟ್ಟಿದರು.

"ಹೌದಾ? ನನ್ನ ಜಪಾನಿ ಇನ್ನೂ ಅಷ್ಟಕ್ಕಷ್ಟೆ ನೋಡಿ" ಎಂದಳು ಎಡ್ನಾಲಿನ್. ಹಾಗೆನ್ನುವಾಗ ಅವಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಶುಕ್ರವಾರ ಸೆಕಿಗುಚಿ ಅವಳನ್ನು ಪಕ್ಕಕ್ಕೆ ಕರೆದರು. "ನಿಮ್ಮ ಮಾತನ್ನ ಗಮನದಲ್ಲಿಟ್ಟುಕೊಂಡು ಬದಲಾವಣೆ ಮಾಡಿದೀವಿ. ಮಾಯುಮಿ ಗೋಪುರದಲ್ಲಿ ಇರಲ್ಲ. ಡೊಳ್ಳು ಬಾರಿಸ್ತಾಳೆ."

ಎಡ್ನಾಲಿನ್ ಸೊಂಟ ಬಗ್ಗಿಸಿ ವಂದಿಸಿದಳು. ಗೆದ್ದೆ ಎಂದುಕೊಂಡಳು. ಮಗಳ ಬೆನ್ನು ಮಾಯುತ್ತದೆ ಎಂದುಕೊಂಡಳು. ಬೇರೆ ಏನೂ ಆ ಕ್ಷಣ ಅವಳ ತಲೆಗೆ ಹೋಗಲಿಲ್ಲ, ತಾಯಂದಿರ ತಲೆ ಹಾಗೆಯೇ.

ಮಧ್ಯಾಹ್ನ ಕಿಟಕಿಯಿಂದ ಮೈದಾನ ನೋಡಿದಳು. ಗೋಪುರ ಇದ್ದ ಹಾಗೇ ಏಳು ಸಾಲು. ಕೆಳಸಾಲಿನ ನಡುವೆ ಓನುಮಾ ಸಾಯೊ ಬಗ್ಗಿದ್ದಳು. ಸಾಯೊ ದಪ್ಪಗಿದ್ದಾಳೆ ಎಂಬುದೊಂದೇ ಅವಳ ಅರ್ಹತೆ. ತರಗತಿಯಲ್ಲಿ ಬಾಯಿ ಬಿಡದ ಹುಡುಗಿ; ಅಪ್ಪ ಇಲ್ಲ, ಅಮ್ಮ ಬೊಂಡಾಸ್, ಅಂದರೆ ಸ್ಕ್ವಿಡ್ ಮೀನು, ಒಣಗಿಸುವ ಶೆಡ್ಡಿನಲ್ಲಿ ಕೂಲಿ. ಮೂರನೇ ಸಾಲು ಹತ್ತುವಷ್ಟರಲ್ಲಿ ಸಾಯೊಳ ಮೊಣಕೈ ಗಡಗಡ ನಡುಗುವುದು ಎರಡನೇ ಮಹಡಿಗೂ ಕಾಣುತ್ತಿತ್ತು. ಎಡ್ನಾಲಿನ್ ಎರಡೂ ಕೈಯಲ್ಲಿ ಕಿಟಕಿಯ ಚೌಕಟ್ಟು ಹಿಡಿದು ನಿಂತಳು. ಬೊಗಳುವ ನಾಯಿಗೆ ಒಂದು ತುಂಡು ಎಸೆದಿದ್ದರು, ನಾಯಿ ಬಾಲ ಅಲ್ಲಾಡಿಸಿತ್ತು. ಅವಳು ಬಾಗಿ ಧನ್ಯವಾದ ಬೇರೆ ಹೇಳಿ ಬಂದಿದ್ದಳು.

ಸಂಜೆ ಮಾಯುಮಿ ಬ್ಯಾಗನ್ನು ಬಾಗಿಲಿಗೇ ಬಿಸಾಡಿದಳು.

"ಆಯ್ತಾ ಸಮಾಧಾನ?"

"ನಾನು ಹೇಳಿದ್ದು ಇದಲ್ಲ ಕಣೆ. ಗೋಪುರನೇ ತಗ್ಗಿಸಿ ಅಂದಿದ್ದೆ."

"ನೀನು ಏನು ಹೇಳ್ದೆ ಅಂತ ಯಾರಿಗೆ ಬೇಕು? ನಾನು ತಡೀತಿದ್ದೆ. ಸಾಯೊ ತಡೆಯಲ್ಲ. ಅವಳು ಇವತ್ತು ಟಾಯ್ಲೆಟ್ಟಲ್ಲಿ ವಾಂತಿ ಮಾಡ್ಕೊಂಡ್ಳು. ನನ್ನ ಮುಖ ನೋಡಲಿಲ್ಲ. ಎಲ್ಲರೂ ಅಂತಿದಾರೆ, ಸೆನ್ಸೇ ಮಗಳು ಅಂತ ತಪ್ಪಿಸಿಕೊಂಡ್ಳು ಅಂತ." ಮಾಯುಮಿಯ ಧ್ವನಿ ಒಡೆಯಿತು. "ಮುಂಚೆ ಬರೀ ಆ ದೇಶದವಳ ಮಗಳಾಗಿದ್ದೆ. ಈಗ ಹೇಡಿ ಕೂಡ."

ಎಡ್ನಾಲಿನ್ ಚಪ್ಪಲಿ ಮೆಟ್ಟಿ ಬಂದರಿನ ಕಡೆ ಹೋದಳು.

ಶೆಡ್ಡಿನಲ್ಲಿ ಸಾಯೊಳ ಅಮ್ಮ ಓನುಮಾ ಫುಮಿಯೆ ಬೊಂಡಾಸ್‌ಗಳನ್ನು ಬಿಡಿಸಿ ಕಡ್ಡಿಗೆ ಚುಚ್ಚುತ್ತಿದ್ದಳು. ಎಡ್ನಾಲಿನ್ ಅವಳ ಪಕ್ಕ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ಸಾಯೊ ವಾಂತಿ ಮಾಡಿಕೊಂಡದ್ದನ್ನೂ ಬಿಡದೆ. ನಾಳೆ ಶನಿವಾರ, ನಾಡಿದ್ದು ಕ್ರೀಡಾಕೂಟ. ನಾಳೆಯೇ ಇಬ್ಬರೂ ಹೋಗಿ ಸೆಕಿಗುಚಿಯವರನ್ನು ಕೇಳೋಣ ಎಂದಳು. ಫುಮಿಯೆಯ ಕೈ ನಿಲ್ಲಲಿಲ್ಲ.

"ಸೆನ್ಸೇ, ದಯವಿಟ್ಟು ಬೇಡ."

"ನಿಮ್ಮ ಮಗಳ ಬೆನ್ನು ಅದು, ಓನುಮಾ ಅವರೇ."

"ಗೊತ್ತು. ನಾನೇ ರಾತ್ರಿ ಎಣ್ಣೆ ಹಚ್ತೀನಿ." ಫುಮಿಯೆ ತಲೆ ಎತ್ತದೆ ಹೇಳಿದಳು. "ನೀವು ಹೊರಗಿನೋರು. ನೀವು ಏನಂದ್ರೂ, ಪಾಪ ಗೊತ್ತಾಗಲ್ಲ ಅಂತ ಬಿಡ್ತಾರೆ. ನಾನು ಅಂದ್ರೆ ಬಿಡಲ್ಲ. ತುದಿಯಲ್ಲಿ ನಿಲ್ಲೋ ಹುಡುಗನ ಅಜ್ಜ ಈ ಶೆಡ್ಡಿನ ಯಜಮಾನ. ನಾನು ಇಲ್ಲೇ ಹುಟ್ಟಿದೋಳು, ಇಲ್ಲೇ ಸಾಯಬೇಕು."

ಏಳುವಾಗ ಒಂದು ಕಟ್ಟು ಒಣಮೀನು ಸುತ್ತಿ ಕೈಗೆ ತುರುಕಿದಳು. ದಾರಿಯುದ್ದಕ್ಕೂ ಎಡ್ನಾಲಿನ್‌ಗೆ ಆ ಕಟ್ಟನ್ನು ಸಮುದ್ರಕ್ಕೆ ಎಸೆಯುವಷ್ಟು ಕೋಪವಿತ್ತು. ಫುಮಿಯೆಯ ಮೇಲೆ ಕೋಪ, ಫುಮಿಯೆ ಹೇಳಿದ್ದು ಸರಿ ಎಂದು ಇನ್ನೂ ಕೋಪ. ಹೊರಗಿನವಳು ಎಂಬುದನ್ನು ಇಷ್ಟು ವರ್ಷ ಕಲ್ಲಿನ ಹಾಗೆ ಹೊತ್ತು ತಿರುಗಿದ್ದಳು. ಆ ಕಲ್ಲನ್ನು ಎತ್ತಿ ಹೊಡೆಯಲೂಬಹುದು ಎಂದು ಒಬ್ಬ ಮೀನಿನ ಕೂಲಿಯವಳು, ಬೇಡ ಬೇಡ ಎನ್ನುತ್ತಲೇ, ಹೇಳಿಕೊಟ್ಟಂತಾಗಿತ್ತು.

ಭಾನುವಾರ ಬೆಳಗಾಗುತ್ತಲೇ ಶಾಲೆಯ ಕಡೆಯಿಂದ ಢಂ ಢಂ ಎಂದು ಸಿಡಿಮದ್ದು ಹಾರಿತು, ಕ್ರೀಡಾಕೂಟ ನಡೆಯುತ್ತದೆ ಎಂದು. ಜನ ನೀಲಿ ಹಾಳೆ ಹಾಸಿ ಜಾಗ ಹಿಡಿದರು. ಅನ್ನದುಂಡೆ, ಕರಿದ ಕೋಳಿ, ಮೊಟ್ಟೆಯ ಸುರುಳಿ ಎಂದು ಡಬ್ಬಿಗಳು ಬಿಚ್ಚಿಕೊಂಡವು. ಎಡ್ನಾಲಿನ್ ಬೆಳಗಿನಿಂದ ಓಟದ ಹಗ್ಗ ಹಿಡಿದಳು, ಬಿದ್ದವರ ಮಂಡಿ ತೊಳೆದಳು, ಎರಡನೇ ತರಗತಿಯವರ ಜೊತೆ ಚೆಂಡೂ ಉರುಳಿಸಿದಳು. ಅವಳು ಏನು ಮಾಡಬೇಕೆಂದು ಯೋಚಿಸಿಟ್ಟಿದ್ದಳೆಂದು ಆಮೇಲೆ ಊರು ಹೇಳಿಕೊಂಡಿತು. ಅವಳು ಏನನ್ನೂ ಯೋಚಿಸಿಟ್ಟಿರಲಿಲ್ಲ. ಯೋಚಿಸಿದ್ದರೆ ಖಂಡಿತ ಮಾಡುತ್ತಿರಲಿಲ್ಲ.

ಕೊನೆಗೆ ಆರನೇ ತರಗತಿ ಬರಿಗಾಲಲ್ಲಿ ಮೈದಾನಕ್ಕಿಳಿಯಿತು. ಸೆಕಿಗುಚಿ ಮೈಕಿನ ಮುಂದೆ, ಇಗರಾಶಿ ಸೀಟಿ ಹಿಡಿದು ಎದುರಿಗೆ, ಮಾಯುಮಿ ಒಂದು ಬದಿಯಲ್ಲಿ ಡೊಳ್ಳಿನ ಹಿಂದೆ. ಬಿದ್ದವರನ್ನು ಹಿಡಿಯಲೆಂದು ನಾಲ್ವರು ಶಿಕ್ಷಕರು ಗೋಪುರದ ಹಿಂದೆ ನಿಲ್ಲಬೇಕು. ಎಡ್ನಾಲಿನ್ ಅವರಲ್ಲಿ ಒಬ್ಬಳು, ನಡುವಿನ ಜಾಗವೇ ಅವಳಿಗೆ ಬಂದಿತ್ತು. ಮೊದಲ ಏಟು ಬಿತ್ತು. ಏಳು ಮಕ್ಕಳು ಮಂಡಿಯೂರಿದರು. ಸಾಯೊ ಅಂಗೈಯನ್ನು ಮಣ್ಣಿಗೆ ಇಡುವ ಮೊದಲು ಒಮ್ಮೆ ಎರಡೂ ಕೈಗಳನ್ನು ಚಡ್ಡಿಗೆ ಒರೆಸಿಕೊಂಡಳು. ಅಷ್ಟೇ ಮಾಡಿದ್ದು ಅವಳು. ಹಲ್ಲು ಕಚ್ಚಿ ಕೈ ಊರಿದಳು, ಭಾರ ಬರುವ ಮೊದಲೇ ಅವಳ ಬೆನ್ನು ನಡುಗತೊಡಗಿತ್ತು.

ಎಡ್ನಾಲಿನ್ ಹಿಂದಿನಿಂದ ಬಂದು ಸಾಲಿನೊಳಗೆ ನುಗ್ಗಿದಳು. ಸಾಯೊಳನ್ನೂ ಅವಳ ಪಕ್ಕದ ಹುಡುಗನನ್ನೂ ಭುಜದಿಂದ ಆಚೆ ಈಚೆ ಸರಿಸಿ, ನಡುವೆ ಮಂಡಿಯೂರಿ, ಅಂಗೈ ನೆಲಕ್ಕಿಟ್ಟು ಬಗ್ಗಿದಳು. ಮರಳು ಚುಚ್ಚಿತು.

"ಸೆನ್ಸೇ, ಏನ್ಮಾಡ್ತಿದೀರ?" ಸಾಯೊ ಪಿಸುಗುಟ್ಟಿದಳು.

"ಕಂಬ ಆಗ್ತಿದೀನಿ. ನೀನು ಉಸಿರಾಡು."

ಶಾಮಿಯಾನದಲ್ಲಿ ಮೊದಲು ಕೆಲವರು ಚಪ್ಪಾಳೆ ತಟ್ಟಿದರು, ಇದೂ ಕಾರ್ಯಕ್ರಮದ ಭಾಗವೆಂದು. ಆಮೇಲೆ ಚಪ್ಪಾಳೆ ನಿಂತಿತು. ಇಗರಾಶಿ ಏನು ಮಾಡಲೂ ತೋಚದೆ ಡೊಳ್ಳಿನ ಕಡೆ ಕೈ ಬೀಸಿದ. ಮಾಯುಮಿ ತುಟಿ ಬಿಗಿದುಕೊಂಡು, ಚರ್ಮ ಹರಿಯುವ ಹಾಗೆ, ಎರಡನೇ ಏಟು ಹೊಡೆದಳು.

ಎರಡನೇ ಸಾಲಿನ ಆರು ಮಕ್ಕಳು ಮುಂದೆ ಬಂದರು. ನಾಲ್ವರು ಹತ್ತಿದರು. ನಡುವಿನ ಇಬ್ಬರು ಹತ್ತಲಿಲ್ಲ. ಅವರಲ್ಲಿ ಒಬ್ಬಳು ನಾಗಿಸಾ ಎಂಬ ಸಣಕಲು ಹುಡುಗಿ. ಅವಳ ಒಂದು ಮಂಡಿ ಸಾಯೊಳ ಮೇಲೆ, ಇನ್ನೊಂದು ಎಡ್ನಾಲಿನ್ ಮೇಲೆ ಬರಬೇಕು. ಅವಳು ಕಾಲು ಎತ್ತಿದಳು, ಇಳಿಸಿದಳು.

"ಹತ್ತು" ಎಂದ ಇಗರಾಶಿ.

ನಾಗಿಸಾ ನಿಂತೇ ಇದ್ದಳು.

"ನಾಗಿಸಾ, ಹತ್ತು ಅಂದೆ."

"ಆಗಲ್ಲ, ಸೆನ್ಸೇ."

"ಯಾಕಾಗಲ್ಲ?"

"ಸೆನ್ಸೇ ಬೆನ್ನ ಮೇಲೆ ಕಾಲಿಡೋಕಾಗಲ್ಲ."

ಇನ್ನೊಬ್ಬ ಹುಡುಗನೂ ತಲೆ ಅಲ್ಲಾಡಿಸಿ ಎರಡು ಹೆಜ್ಜೆ ಹಿಂದೆ ಸರಿದ. ಗುರುಗಳ ಕುರ್ಚಿಯ ಮೇಲೆ ಕೂರಬಾರದು, ಅವರ ನೆರಳನ್ನೂ ತುಳಿಯಬಾರದು ಎಂದು ಒಂದನೇ ತರಗತಿಯಿಂದ ಈ ಮಕ್ಕಳ ತಲೆಗೆ ತುಂಬಿದವರು ಇದೇ ಶಾಲೆಯವರು. ಪಕ್ಕದವಳ ಬೆನ್ನು ತುಳಿ ಎಂದರೆ ತುಳಿಯುತ್ತಾರೆ, ಅದನ್ನೂ ಕಲಿಸಿದ್ದಾರೆ. ಟೀಚರ್ ಬೆನ್ನು ತುಳಿ ಎಂದು ಎಲ್ಲರೆದುರಿಗೆ ಹೇಳುವುದಾದರೂ ಹೇಗೆ? ಇಗರಾಶಿ ಮತ್ತೆ ಕೈ ಬೀಸಿದ. ಡೊಳ್ಳು ಇನ್ನೊಂದು ಸಲ ಬಿತ್ತು. ಯಾರೂ ಹತ್ತಲಿಲ್ಲ. ಮೇಲೆ ಹತ್ತಿದ್ದ ನಾಲ್ವರೂ ತಮ್ಮಷ್ಟಕ್ಕೆ ಇಳಿದರು.

ಮೈಕು ಕರಕರ ಎಂದಿತು. "ಸಮಯದ ಅಭಾವದಿಂದ," ಎಂದರು ಸೆಕಿಗುಚಿ, ಧ್ವನಿಯಲ್ಲಿ ಅದೇ ಬೆಣ್ಣೆ, "ಈ ಕಾರ್ಯಕ್ರಮವನ್ನು ಇಲ್ಲಿಗೆ ಮುಗಿಸುತ್ತಿದ್ದೇವೆ. ಮಕ್ಕಳ ಶ್ರಮಕ್ಕೆ ದಯವಿಟ್ಟು ಚಪ್ಪಾಳೆ." ಜನ ಚಪ್ಪಾಳೆ ತಟ್ಟಿದರು. ಹೇಳಿದರೆ ತಟ್ಟುತ್ತಾರೆ.

ಎಡ್ನಾಲಿನ್ ಏಳಲಿಲ್ಲ. ಪಕ್ಕದಲ್ಲಿ ಸಾಯೊ ಎದ್ದಳು, ಮಂಡಿಯ ಮರಳು ಒರೆಸಿಕೊಂಡಳು, ಹಗ್ಗದಾಚೆ ನಿಂತಿದ್ದ ಅಮ್ಮನ ಕಡೆ ಓಡಿದಳು. ಫುಮಿಯೆ ಮಗಳನ್ನು ಹಿಡಿದುಕೊಂಡು ಮೈದಾನದ ಕಡೆ ಒಮ್ಮೆ ಬಾಗಿದಳು, ಯಾರಿಗೂ ಕಾಣದ ಹಾಗೆ, ಕಂಡರೆ ಚಪ್ಪಲಿ ಸರಿಮಾಡಿಕೊಂಡೆ ಎನ್ನಬಹುದಾದಷ್ಟು. ಆ ಬಾಗುವಿಕೆ ಕಂಡು ಎಡ್ನಾಲಿನ್‌ಗೆ ಅಳು ಬರಲಿಲ್ಲ, ಮತ್ತೊಮ್ಮೆ ಸಿಟ್ಟೇ ಬಂತು. ಒಬ್ಬರಿಗೆ ತಲೆ ಬಾಗುವುದಕ್ಕೂ ಈ ಊರಿನಲ್ಲಿ ನೆಪ ಬೇಕು.

ಡೊಳ್ಳಿನ ಕೋಲು ಕೈಯಲ್ಲೇ ಹಿಡಿದು ಮಾಯುಮಿ ಮೈದಾನ ದಾಟಿ ಬಂದಳು. ಊರೆಲ್ಲ ನೋಡುತ್ತಿತ್ತು. ಅವಳ ಮುಖ ಕೆಂಪಗಾಗಿ ಉರಿಯುತ್ತಿತ್ತು.

"ಏಳಮ್ಮ. ಸಾಕು ಮಾಡು. ನಾಳೆಯಿಂದ ನಾನು ಈ ಶಾಲೆಗೆ ಹೆಂಗೆ ಬರೋದು?"

ಎಡ್ನಾಲಿನ್ ಅಂಗೈಗೆ ಕಚ್ಚಿದ ಮರಳು ಕೊಡವಿ, ಒಂದೊಂದೇ ಮಂಡಿ ಎತ್ತಿ ಎದ್ದು ನಿಂತಳು.

"ನಡ್ಕೊಂಡು ಬಾ. ನಿನ್ನ ಬೆನ್ನು ನೆಟ್ಟಗಿದೆಯಲ್ಲ."